ಕುಂಕುಮವಿಟ್ಟ ಪುಟ

"ಈ ಬೇಸಿಗೆಗೆ ನನ್ನ ಮೊದಲನೇ ಶಿಫಾರಸು!" ಎನ್ನುತ್ತ ಗೋಪೀನಾಥರು ದಪ್ಪನೆಯ ಕಾದಂಬರಿಯೊಂದನ್ನು ಎರಡು ಕೈಯಲ್ಲಿ ಎತ್ತಿ ಹಿಡಿದರು. ಬಸವೇಶ್ವರನಗರದ ಪಾರ್ಕಿನಲ್ಲಿ ಚಪ್ಪಾಳೆ ಬಿತ್ತು. "ನೂರಾ ಹನ್ನೆರಡನೇ ಪುಟ ನೋಡಿ. ಅದೇ ಈ ಕೃತಿಯ ಆತ್ಮ. ಮಿಕ್ಕಿದ್ದೆಲ್ಲ ಬರೀ ದೇಹ."

ಬಡಾವಣೆಯ ಸಂಘ ಏಪ್ರಿಲ್‌ನಲ್ಲಿ ಹೊರಡಿಸುವ ಬೇಸಿಗೆ ಓದಿನ ಪಟ್ಟಿಗೆ ಇದು ನಾಲ್ಕನೆಯ ವರ್ಷ. ನಾಲ್ಕೂ ವರ್ಷ ಪಟ್ಟಿ ಗೋಪೀನಾಥರದೇ. ಪುಟದ ನಂಬರು ಸಮೇತ ಹೇಳುವ ಮನುಷ್ಯ ಓದದೆ ಹೇಳುತ್ತಾನೆಯೇ ಎಂಬುದು ಬಡಾವಣೆಯವರ ನಂಬಿಕೆ. ಅದಕ್ಕಾಗಿ ಇವತ್ತು ಭಾಷಣ ಮುಗಿದ ಮೇಲೆ ಅವರಿಗೆ ಶಾಲು, ಮೈಸೂರು ಪೇಟದ ಸನ್ಮಾನವಿತ್ತು. ಹಿಂದಿನ ರಾತ್ರಿಯೆಲ್ಲ ಅವರಿಗೆ ಆ ಪೇಟದ್ದೇ ಕನಸು.

ನಿಜ ಹೇಳಬೇಕೆಂದರೆ, ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಗೋಪೀನಾಥರು ಒಂದು ಪುಸ್ತಕವನ್ನೂ ಪೂರ್ತಿ ಓದಿದವರಲ್ಲ. ಎರಡು ಪುಟಕ್ಕೆ ಗೊರಕೆ. ಆದರೆ ಕುರುಬರಹಳ್ಳಿಯ ಬಾಡಿಗೆ ಲೈಬ್ರರಿಯಲ್ಲಿ ಅವರಿಗೊಂದು ನಿಧಿ ಸಿಕ್ಕಿತ್ತು. ಅಲ್ಲಿನ ಕೆಲವು ಪುಸ್ತಕಗಳಲ್ಲಿ ಯಾವುದೋ ಒಂದು ಪುಟದ ಅಂಚಿಗೆ ಕುಂಕುಮದ ಬೊಟ್ಟು ಇರುತ್ತಿತ್ತು. ಯಾರೋ ಕುಂಕುಮವಿಟ್ಟು ಕೈಮುಗಿದ ಪುಟವೆಂದ ಮೇಲೆ ಸಾಮಾನ್ಯದ್ದೇ? ಗೋಪೀನಾಥರು ಅದೊಂದು ಪುಟ ಓದಿ ಪಟ್ಟಿ ಬರೆದುಬಿಡುತ್ತಿದ್ದರು.

ಸಂಘದ ಕಾರ್ಯದರ್ಶಿ ಕೊಟ್ರೇಶ್ ಪುಸ್ತಕ ಈಸಿಕೊಂಡು ನೂರಾ ಹನ್ನೆರಡನೇ ಪುಟ ತೆಗೆದ.

"ಸಾರ್, ಇಲ್ಲೇನೋ ಕೆಂಪಗಿದೆ?"

"ಕುಂಕುಮ ಕಣ್ರೀ. ನಾನೇ ಇಟ್ಟಿದ್ದು. ಓದ್ತಾ ಓದ್ತಾ ಕೈ ಮುಗಿದುಬಿಟ್ಟೆ." ಸುಳ್ಳು ಎಷ್ಟು ಸೊಗಸಾಗಿ ಬಂತೆಂದರೆ ಹೇಳಿದವರ ಕಣ್ಣೇ ಒದ್ದೆಯಾಯಿತು.

ಹಿಂದಿನ ಸಾಲಿನಿಂದ ವಿಮಲಮ್ಮ ಎದ್ದು ನಿಂತರು. ಕುರುಬರಹಳ್ಳಿಯ ಹಳೇ ಮನೆತನದವರು, ದಿನಾ ಇದೇ ಪಾರ್ಕಿಗೆ ವಾಕಿಂಗ್ ಬರುವವರು.

"ಸಾರ್, ಬೇಜಾರು ಮಾಡ್ಕೋಬೇಡಿ. ಅದು ನಾನಿಟ್ಟಿದ್ದು. ಪೂಜೆ ಮುಗಿಸ್ಕೊಂಡು ದೇವರ ಮನೆ ಮುಂದೇನೇ ಕೂತು ಓದ್ತೀನಿ. ಪೆನ್ಸಿಲ್ ಎಲ್ಲಿ ಹುಡುಕ್ಲಿ? ಎಲ್ಲಿಗೆ ಸಾಕಾಗತ್ತೋ ಅಲ್ಲಿ ಕುಂಕುಮದ ಬೆರಳು ಒತ್ತಿ ಮುಚ್ಚಿಡ್ತೀನಿ. ಮರೆತು ಮತ್ತೆ ಅದನ್ನೇ ತರಬಾರ್ದಲ್ಲ!"

"ಸಾಕಾಗತ್ತೆ ಅಂದ್ರೆ ಏನಮ್ಮಾ?" ಕೊಟ್ರೇಶ್ ಕೇಳಿದ.

"ತಲೆ ಚಿಟ್ಟು ಹಿಡಿಯತ್ತಲ್ಲಪ್ಪಾ, ಅದು."

ಗೋಪೀನಾಥರಿಗೆ ಆಗ ಹೊಳೆಯಿತು. ಅಂದರೆ ಈ ಹೆಂಗಸಿನ ತಲೆ ಚಿಟ್ಟು ಹಿಡಿದ ಜಾಗವನ್ನೆಲ್ಲ ತಾವು ಆತ್ಮ, ಆತ್ಮ ಎಂದು ಸಾರಿಕೊಂಡು ಬಂದಿದ್ದು! ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನುವಷ್ಟು ನಾಚಿಕೆಯಾಯಿತು. ಆದರೆ ತಟ್ಟೆಯಲ್ಲಿದ್ದ ಪೇಟ ಕಣ್ಣಿಗೆ ಬಿತ್ತು. ನಾಚಿಕೆ ಸ್ವಲ್ಪ ಹಿಂದೆ ಸರಿಯಿತು.

"ನೋಡಿ ಅಮ್ಮಾ, ನೀವು ಕೈಬಿಟ್ಟ ಜಾಗದಲ್ಲೇ ನಿಜವಾದ ಓದು ಶುರುವಾಗೋದು," ಎಂದರು ಗೋಪೀನಾಥರು. ಅದಕ್ಕೂ ಚಪ್ಪಾಳೆ ಬಿತ್ತು.

ವಿಮಲಮ್ಮನ ಮುಖ ಅರಳಿತು. "ಹಾಗಾದ್ರೆ ಒಳ್ಳೇದೇ ಆಯ್ತು ಸಾರ್. ಮೊದಲನೇ ವರ್ಷ ನೀವು ಒಂದು ನೀಲಿ ರಟ್ಟಿನ ಪುಸ್ತಕ ಹೇಳಿದ್ರಿ ನೋಡಿ, ಅದೊಂದು ಮಾತ್ರ ನಂಗೆ ಸಾಕಾಗಿರ್ಲಿಲ್ಲ. ಮಗಳ ಬಾಣಂತನ ಬಂತು ಅಂತ ಅರ್ಧಕ್ಕೆ ಗುರುತಿಟ್ಟು ವಾಪಸ್ ಕೊಟ್ಟೆ. ಆಮೇಲೆ ಯಾವಾಗ ಕೇಳಿದ್ರೂ ಲೈಬ್ರರಿಯೋನು, ನಿಮ್ಮ ಲೇಔಟ್‌ನೋರೇ ಒಬ್ಬರಾದ್ಮೇಲೆ ಒಬ್ಬರು ತಗೊಂಡೋಗ್ತಿದಾರೆ ಅಂತಾನೆ. ಆ ಕಥೇಲಿ ಹುಡುಗಿ ಮಗು ಎತ್ಕೊಂಡು ಬಂದು ತೌರುಮನೆ ಬಾಗಿಲು ತಟ್ಟಿದ್ಳಲ್ಲ, ಬಾಗಿಲು ತೆಗೆದ್ರಾ?"

ಆ ಪುಟ ಗೋಪೀನಾಥರಿಗೆ ಚೆನ್ನಾಗಿ ನೆನಪಿತ್ತು. ತಟ್ಟಿದ್ದು ಪುಟದ ಕೊನೆಯ ಸಾಲಿನಲ್ಲಿ.

"ಕಥೆ ಬಿಟ್ಟುಕೊಡೋದು ನಂಗೆ ಶೋಭೆ ಅಲ್ಲ," ಎಂದರು. "ನಮ್ಮೋರೆಲ್ಲ ಓದಿದಾರಲ್ಲ, ಅವರೇ ಹೇಳ್ಲಿ. ಕೊಟ್ರೇಶ್, ನೀವು ಎರಡು ಸಲ ಓದಿದೆ ಅಂದಿದ್ರಿ."

ಕೊಟ್ರೇಶನಿಗೆ ಶಾಲಿನ ಮಡಿಕೆ ಬಿಚ್ಚುವ ಅವಸರದ ಕೆಲಸ ನೆನಪಾಯಿತು. ಗೋಪೀನಾಥರು ಮುಂದಿನ ಸಾಲಿನತ್ತ ನೋಡಿದರು. ಮೂರು ವರ್ಷದಿಂದ ಎದುರಾದಾಗೆಲ್ಲ "ಅದ್ಭುತ ಸಾರ್, ಕಣ್ಣಲ್ಲಿ ನೀರು ಬಂತು" ಎಂದವರೆಲ್ಲ ಅಲ್ಲೇ ಕುಳಿತಿದ್ದರು. ಒಬ್ಬರು ಶೂ ಲೇಸು ಕಟ್ಟಿಕೊಂಡರು, ಇನ್ನೊಬ್ಬರು ಫೋನು ತೆಗೆದರು. "ಮೊದಲು ತಿಂಡಿ ಮುಗಿಸೋಣ, ಇಡ್ಲಿ ಆರೋಗತ್ತೆ," ಎಂದಿತು ಒಂದು ದನಿ. ತಮ್ಮೊಬ್ಬರ ನಾಚಿಕೆ ಇಷ್ಟು ಜನಕ್ಕೆ ಹಂಚಿಹೋದದ್ದು ನೋಡಿ ಗೋಪೀನಾಥರಿಗೆ ಒಳಗೊಳಗೇ ಸಮಾಧಾನವಾಯಿತು. ಪೇಟಕ್ಕೆ ತಲೆ ಬಗ್ಗಿಸಿದರು.

ವಿಮಲಮ್ಮ ಇನ್ನೂ ನಿಂತೇ ಇದ್ದರು. ಒಬ್ಬೊಬ್ಬರ ಮುಖವನ್ನೂ ನೋಡಿ ಮುಗಿಸಿ ನಿಟ್ಟುಸಿರುಬಿಟ್ಟರು.

"ಪಾಪ! ಮೂರು ವರ್ಷದಿಂದ ಕೂಸು ಕಟ್ಕೊಂಡು ಇಷ್ಟು ಮನೆ ಸುತ್ತಿದಾಳೆ. ಒಬ್ಬರೂ ಬಾಗಿಲು ತೆಗೀಲಿಲ್ವಾ?"