ಫಿಲ್ಮ್ ಸರಿಬಂತಾ?

ಮೊದಲ ಏಟು ದವಡೆಗೆ ಬಿತ್ತು. ಎರಡನೆಯದಕ್ಕೆ ತಂಗಿಯ ಗಂಡ ಸೈಕಲ್ ಸ್ಟ್ಯಾಂಡಿನ ಕಂಬಕ್ಕೆ ಬಡಿದು ಕುಸಿದ. ಅಣ್ಣ ಕಾಲರ್ ಹಿಡಿದು ಅವನನ್ನು ಮತ್ತೆ ಎತ್ತಿ ನಿಲ್ಲಿಸಿದ.

"ನನ್ನ ತಂಗಿ ಮೇಲೆ ಕೈ ಮಾಡ್ತೀಯೇನೋ?"

ಆತ ಬಾಯಲ್ಲಿ ತುಂಬಿದ ರಕ್ತ ಉಗುಳಿದ.

ಅಣ್ಣ ತಂಗಿ ಇಬ್ಬರದೂ ಒಂದೇ ಪ್ರಯೋಗಾಲಯ. ದೂರದ ನಕ್ಷತ್ರಗಳ ಮಂಕು ಬೆಳಕನ್ನು ಹಿಡಿಯುವ ಉಪಕರಣಕ್ಕೆ ಅವಳು ಲೋಹದ ಫಿಲ್ಮ್ ವಿನ್ಯಾಸ ಮಾಡುತ್ತಿದ್ದಳು. ಟೈಟಾನಿಯಂ ಮೇಲೆ ಚಿನ್ನ. ಒಂದೊಂದು ಪದರವೂ ಕೂದಲಿನ ಸಾವಿರದಲ್ಲೊಂದು ಪಾಲಿನಷ್ಟು ತೆಳು. ದಪ್ಪ ಚೂರು ತಪ್ಪಿದರೂ ಬೇಕಾದ ಶೀತದಲ್ಲಿ ಅದು ತಡೆಯಿಲ್ಲದೆ ವಿದ್ಯುತ್ ಹರಿಸುವ ಸೂಪರ್‌ಕಂಡಕ್ಟರ್ ಆಗುತ್ತಿರಲಿಲ್ಲ. ತಣಿಸಿ ಪರೀಕ್ಷಿಸುವುದು ಅಣ್ಣನ ಕೆಲಸ. "ಇದೂ ಕೆಟ್ಟಿತು ಕಣೇ" ಎಂದು ಅವನೇ ಹೇಳಬೇಕು. ಅವಳು ಎದ್ದು ಮನೆಗೆ ಹೋಗುತ್ತಿದ್ದಳು.

ಮಾರನೆಯ ದಿನ ಅವಳ ಮೈಮೇಲೆ ಗುರುತು. ಒಮ್ಮೆ ಬೆರಳ ಗೆಣ್ಣುಗಳು ಊದಿದ್ದವು. ಇನ್ನೊಮ್ಮೆ ಮಣಿಕಟ್ಟಿನ ಸುತ್ತ, ಯಾರೋ ಬಿಗಿಯಾಗಿ ಹಿಡಿದಂತೆ, ಕಂದಿದ ಕಲೆ.

"ಏನಾಯ್ತೇ?"

"ನಮ್ಮನೆ ವಿಷಯ. ನೀನು ತಲೆ ಹಾಕ್ಬೇಡಣ್ಣ."

ಚಿಕ್ಕಂದಿನಲ್ಲಿ ಸಿಟ್ಟು ಬಂದರೆ ಇವನ ಹಣೆಗೇ ಲೋಟ ಬೀಸಿ ಒಗೆಯುತ್ತಿದ್ದ ಹುಡುಗಿ. ಅವಳು ಹೀಗೆ ಬಾಯಿ ಕಟ್ಟಿಕೊಂಡಿರುವುದು ಕಂಡು ಅಣ್ಣನ ಅನುಮಾನ ಗಟ್ಟಿಯಾಯಿತು.

ಅವಳ ಗಂಡ ಸಂಜೆ ಗೇಟಿನ ಬಳಿ ಕಾಯುತ್ತಿದ್ದ. ಬಿರುಬೇಸಿಗೆಯಲ್ಲೂ ತುಂಬುತೋಳಿನ ಅಂಗಿ. ಅಣ್ಣ ಕಂಡರೆ ಅವನದು ಒಂದೇ ಪ್ರಶ್ನೆ: "ಭಾವ, ಇವತ್ತು ಫಿಲ್ಮ್ ಸರಿಬಂತಾ?" ಇಲ್ಲ ಎಂದರೆ ಮುಖ ಬಿಗಿದುಕೊಳ್ಳುತ್ತಿತ್ತು. ಹೊಡೆಯಲು ಇವನಿಗೆ ಹೆಂಡತಿಯ ಸೋಲೊಂದು ನೆಪ ಎಂದು ಅಣ್ಣ ಹಲ್ಲು ಕಡಿಯುತ್ತಿದ್ದ.

ಇವತ್ತು ಅವಳು ಬಂದಾಗ ಕತ್ತಿನ ಮೇಲೆ ಉಗುರಿನ ಗೀರು. ಮಧ್ಯಾಹ್ನ ಇನ್ನೊಂದು ಫಿಲ್ಮ್ ಕೈಕೊಟ್ಟಿತು. ಸಂಜೆ ಗೇಟಿನಲ್ಲಿ ಅದೇ ಪ್ರಶ್ನೆ.

"ಕೆಟ್ಟಿದೆ. ಬಾ, ಹೇಳ್ತೀನಿ" ಎಂದು ಅಣ್ಣ ಅವನನ್ನು ಸೈಕಲ್ ಸ್ಟ್ಯಾಂಡಿನ ಹಿಂದಕ್ಕೆ ಎಳೆದುಕೊಂಡು ಬಂದಿದ್ದ.

ಮೂರನೆಯ ಗುದ್ದಿಗೆ ಪಕ್ಕೆಲುಬು ಲಟಕ್ಕೆಂದಿತು. ಆತ ತಿರುಗಿ ಕೈ ಎತ್ತಲಿಲ್ಲ, ಕೂಗಲೂ ಇಲ್ಲ. ರೂಢಿಯಾದವನಂತೆ ಮೊಣಕೈಗಳ ನಡುವೆ ತಲೆ ಹುದುಗಿಸಿ ನೆಲದ ಮೇಲೆ ಮುದುಡಿಕೊಂಡ.

"ಬಾಯಿ ಬಿಡೋ! ಏನಾದ್ರೂ ಹೇಳೋದಿದ್ಯಾ?"

"ಬೇಗ ಮುಗಿಸಿಬಿಡಿ ಭಾವ. ಫಿಲ್ಮ್ ಕೆಟ್ಟಿದೆ ಅಂದ್ರಲ್ಲ, ಮನೇಲಿ ಅವಳ ಏಟೂ ತಿನ್ಬೇಕು."