ನೀಲಿ ಅಂಗಿ, ಬಿಳಿ ಗುಂಡಿ

ಕೊಲೆ ನಡೆದು ವರ್ಷಗಳೇ ಕಳೆದಿದ್ದವು. ಪ್ರತ್ಯಕ್ಷ ಸಾಕ್ಷಿಯ ನೆನಪು ಮಾತ್ರ ಈಗಷ್ಟೇ ಒಗೆದು ಇಸ್ತ್ರಿ ಮಾಡಿದಂತಿತ್ತು. ಆರೋಪಿಯ ಅಂಗಿ ನೀಲಿ, ಅದರ ಗುಂಡಿ ಬಿಳಿ, ಕೊಡಲಿ ಎಡಗೈಯಲ್ಲಿ ಎಂದು ಅವನು ಒಂದೇ ಉಸಿರಿಗೆ ಹೇಳಿ ಮುಗಿಸಿದ. ಕಟಕಟೆಯಲ್ಲಿದ್ದ ಆರೋಪಿಯ ಮುಖ ಬಿಳಿಚಿಕೊಂಡಿತು.

ಆರೋಪಿಯ ವಕೀಲರು ಎದ್ದರು. "ನಿನ್ನಿ ಮುಂಜಾನಿ ಏನ್ ನಾಷ್ಟಾ ಮಾಡಿದಿ?"

ಸಾಕ್ಷಿ ಬಹಳ ಹೊತ್ತು ಯೋಚಿಸಿದ. "ನೆನಪಿಲ್ರಿ."

"ನಿನ್ನಿ ನಾಷ್ಟಾ ನೆನಪಿಲ್ಲ, ಅವತ್ತಿನ ಗುಂಡಿ ನೆನಪದ!"

ಕೋರ್ಟು ನಕ್ಕಿತು. ಸರ್ಕಾರಿ ವಕೀಲರು ಸಿಡಿದೆದ್ದರು. "ಮಹಾಸ್ವಾಮಿ, ನೆನಪಿನಾಗ ಬ್ಯಾರೆ ಬ್ಯಾರೆ ನಮೂನಿ ಇರ್ತಾವ. ನಾಷ್ಟಾದಂಥಾ ದಿನನಿತ್ಯದ ಸಂಗತಿ ಮನಸ್ಸು ಅವತ್ತ ಅಳಿಸಿ ಹಾಕ್ತದ. ಎದಿ ನಡುಗಿಸಿದ್ದು ಸಾಯೋತನಕ ಉಳೀತದ. ಇದು ವಿಜ್ಞಾನ!"

ವಿಜ್ಞಾನ ನ್ಯಾಯಾಧೀಶರಿಗೆ ಹಿಡಿಸಿತು. ಅವರು ಸಾಕ್ಷಿಯತ್ತ ತಿರುಗಿ ಮೆಲ್ಲಗೆ ಕೇಳಿದರು. "ಹೌದೇನಪಾ? ಹೆದರಿಕಿಗೇ ಇಷ್ಟೆಲ್ಲಾ ನೆನಪುಳಿದದ್ದು?"

ಸಾಕ್ಷಿ ಸರ್ಕಾರಿ ವಕೀಲರನ್ನು ಕೃತಜ್ಞತೆಯಿಂದ ನೋಡಿ ಕೈಮುಗಿದ.

"ಹೌದ್ರಿ ಸಾಹೇಬ್ರ, ಭಾಳ ಹೆದರಿಕಿ ಇತ್ರಿ. ಒಂದು ಗುಂಡಿ ಬಿಟ್ರೂ ಇವರು ಪೂರಾ ಬಾಯಿಪಾಠ ಮತ್ತ ಮೊದಲಿಂದ ಹೇಳಸ್ತಿದ್ರು."