ಠರಾವು ಪುಸ್ತಕದ ಖಾಲಿ ಜಾಗ

ಶಾಲಾ ಸಮಿತಿಯ ಸಭೆಯಲ್ಲಿ ಕುರಿಗಾರ ಜಕ್ಕಪ್ಪ ಶಾಯಿ ಹಚ್ಚಿದ ಹೆಬ್ಬೆರಳನ್ನು ಠರಾವು ಪುಸ್ತಕದ ಮೇಲೆ ಎತ್ತಿ ಹಿಡಿದೇ ಕೂತಿದ್ದ.

"ಒತ್ತರಿ ಕಾಕಾ, ಬರೇ ಹಾಜರಿ," ಎಂದರು ಹೆಡ್‌ಮಾಸ್ತರರು, ಪುಟದ ತಳ ತೋರಿಸಿ.

"ಹೋದ ವರ್ಷನೂ ಹಾಜರಿನ ಅಂದಿದ್ರಿ, ಗುರುಗಳ. ಆಮ್ಯಾಲ ನನ್ನ ಹೆಬ್ಬೆಟ್ಟಿನ ಮ್ಯಾಲ ಮರಾಠಿ ವರ್ಗ ಮುಚ್ಚಾಕ ಒಪ್ಪಿಗಿ ಅಂತ ಬರಕೊಂಡ್ರಿ. ಈಗ ನನ್ನ ಮೊಮ್ಮಗಳ ಕನ್ನಡ ವರ್ಗ ಇಂಗ್ಲಿಷ್ ಆಗತೈತೇನ್ರಿ?"

"ನಿಮಗ ಬರೇ ಸಂಶೇ." ಮಾಸ್ತರರು ನಕ್ಕರು. ಪೆನ್ನಿನ ಟೊಪ್ಪಿಗೆಯನ್ನು ಮಾತ್ರ ಮುಚ್ಚಲಿಲ್ಲ.

ಬರೆದ ಎರಡು ಸಾಲಿನ ಕೆಳಗೆ ಗೇಣುದ್ದ ಜಾಗ ಖಾಲಿ ಇತ್ತು. ಜಕ್ಕಪ್ಪ ಎರಡನೇ ಸಾಲಿಗೆ ಹತ್ತಿಸಿಯೇ ಒಂದು ಹೆಬ್ಬೆಟ್ಟು ಒತ್ತಿದ. ಅದರ ಮಗ್ಗುಲಿಗೆ ಇನ್ನೊಂದು, ಕೆಳಗೆ ಮತ್ತೊಂದು. ಹೊಲದಲ್ಲಿ ರಾತ್ರಿ ಕುರಿ ತರುಬಿ ಮಲಗಿಸುವಾಗ ನಡುವೆ ನೆಲ ಕಾಣದಂತೆ ಕೂಡಿಸುತ್ತಾರಲ್ಲ, ಹಾಗೆ ಪುಟ ತುಂಬುವ ತನಕ ಒತ್ತಿದ.

"ಹಾಜರಿ ಆತ್ರಿ," ಎಂದು ಪುಸ್ತಕವನ್ನು ಮಾಸ್ತರರತ್ತ ಸರಿಸಿದ.